ಹಳೆಯ 100-400 ಸಾಕೇ, ಮಾರ್ಕ್ 2 ಬೇಕೇ?

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 80ಡಿ ಇದೆ. ಇಷ್ಟು ದಿನ 55-250 ಲೆನ್ಸಿನಲ್ಲೇ ಹಕ್ಕಿ ತೆಗೆಯುತ್ತಿದ್ದೆ. ಮೈಸೂರಿನಲ್ಲಿರುವುದರಿಂದ ರಂಗನತಿಟ್ಟಿಗೆ ಆಗಾಗ ಹೋಗುತ್ತೇನೆ, ಬೇಸಿಗೆಯಲ್ಲಿ ಭದ್ರಾ, ವರ್ಷಕ್ಕೊಮ್ಮೆ ಕಬಿನಿ, ಮಳೆ ಹಿಡಿದ ಮೇಲೆ ಆಗುಂಬೆ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾನನ್ 100-400ರ ಹಳೆಯ ಆವೃತ್ತಿ ಒಂದು ಸಿಕ್ಕಿದೆ. ಅದೇ ಲೆನ್ಸಿನ ಮಾರ್ಕ್ 2 ಕೇಳಿದರೆ ಹೆಚ್ಚುಕಡಿಮೆ ಎರಡರಷ್ಟು ಹೇಳುತ್ತಿದ್ದಾರೆ. ಎರಡೂ 400 ಎಂಎಂ, ಎರಡರ ಅಪರ್ಚರೂ (ಬೆಳಕು ಬಿಡುವ ಕಿಂಡಿ) 5.6. ದುಪ್ಪಟ್ಟು ದುಡ್ಡು ಕೊಡುವಂಥದ್ದು ಏನಿದೆ? ಹಳೆಯದು ಧೂಳು ಎಳೆಯುತ್ತದೆ, ಸಾಫ್ಟ್ ಅಂತೆಲ್ಲ ಹೇಳುತ್ತಾರೆ, ನಿಜವೇ? ಮುಂದೆ ಮಿರರ್‌ಲೆಸ್‌ಗೆ, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗೆ ಹೋದರೆ ಯಾವುದು ಉಪಯೋಗಕ್ಕೆ ಬರುತ್ತದೆ?

ಉತ್ತರ: ನೀವು ಬರೆದಿರುವ ಜಾಗಗಳನ್ನು ನೋಡಿದರೆ ನಾನು ಮಾರ್ಕ್ 2 ಎನ್ನುತ್ತೇನೆ. ಕಾರಣ ಮಾತ್ರ ಎಲ್ಲರೂ ಹೇಳುವ ಶಾರ್ಪ್‌ನೆಸ್ ಅಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ಅಂತರ ಎರಡೇ ಕಡೆ: ಕೈನಡುಕವನ್ನು ಎಷ್ಟು ತಡೆಯುತ್ತದೆ ಎನ್ನುವುದರಲ್ಲಿ, ಮತ್ತು ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎನ್ನುವುದರಲ್ಲಿ. ಕಬಿನಿಯ ಸಂಜೆಗೂ ಆಗುಂಬೆಯ ಮಳೆಗೂ ಇವೆರಡೂ ಬೇಕು. ಬರೀ ಹಾರುವ ಹಕ್ಕಿ, ಅದೂ ಒಳ್ಳೆ ಬಿಸಿಲಿನಲ್ಲಿ ಎಂದಿದ್ದರೆ ಹಳೆಯದನ್ನೇ ತೆಗೆದುಕೊಳ್ಳಿ, ಉಳಿದ ದುಡ್ಡಿನಲ್ಲಿ ನಾಲ್ಕು ಕಡೆ ತಿರುಗಿ ಬನ್ನಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಹಳೆಯದು ಹುಟ್ಟಿದ್ದು 1998ರಲ್ಲಿ, ಎಲ್ಲರೂ ಫಿಲ್ಮ್ ರೋಲ್ ಹಾಕುತ್ತಿದ್ದ ಕಾಲದಲ್ಲಿ. ಲೆನ್ಸಿನೊಳಗೇ ಕೈನಡುಕ ಸರಿಪಡಿಸುವ ಐಎಸ್ ವ್ಯವಸ್ಥೆಯನ್ನು ಕ್ಯಾನನ್ ಮೊದಲು ಮಾರುಕಟ್ಟೆಗೆ ತಂದದ್ದು 1995ರಲ್ಲಿ, 75-300ರ ಒಂದು ಲೆನ್ಸಿನಲ್ಲಿ. ಅಂದರೆ ನಿಮಗೆ ಸಿಕ್ಕಿರುವ 100-400ರಲ್ಲಿರುವುದು ಆ ತಂತ್ರಜ್ಞಾನದ ಬಾಲ್ಯಾವಸ್ಥೆ. ಮಾರ್ಕ್ 2 ಬಂದದ್ದು 2014ರ ಕೊನೆಯಲ್ಲಿ. ನಡುವಿನ ಹದಿನಾರು ವರ್ಷಗಳಲ್ಲಿ ಫಿಲ್ಮ್ ಹೋಗಿ ಡಿಜಿಟಲ್ ಬಂದು, 3 ಮೆಗಾಪಿಕ್ಸೆಲ್ ಇದ್ದದ್ದು 20 ದಾಟಿತ್ತು. ಈ ಎರಡಕ್ಕೂ ಹೆಸರು ಒಂದೇ ಎನ್ನುವುದು ಬಿಟ್ಟರೆ ಒಳಗೆ ಹಂಚಿಕೊಂಡದ್ದು ಕಡಿಮೆ. ಹಳೆಯದರಲ್ಲಿ 14 ಗುಂಪುಗಳಲ್ಲಿ 17 ಗಾಜುಗಳಿದ್ದರೆ ಹೊಸದರಲ್ಲಿ 16 ಗುಂಪುಗಳಲ್ಲಿ 21 ಗಾಜುಗಳಿವೆ. ಎರಡರಲ್ಲೂ ಫ್ಲೋರೈಟ್ ಇದೆ, ಎರಡಕ್ಕೂ 77 ಎಂಎಂ ಫಿಲ್ಟರೇ ಆಗುತ್ತದೆ. ತೂಕದಲ್ಲಿ ಹಳೆಯದು ಸುಮಾರು 1,380 ಗ್ರಾಂ, ಹೊಸದು 1,570. ಇನ್ನೂರು ಗ್ರಾಂ ಹೆಚ್ಚು ಎಂದರೆ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ದಿನದ ಕೊನೆಗೆ ಎಡಗೈಗೆ ಗೊತ್ತಾಗುತ್ತದೆ.

ಈಗ ಐಎಸ್ ವಿಚಾರಕ್ಕೆ ಬರೋಣ, ನಿಮ್ಮ ದುಡ್ಡು ಹೋಗುವುದು ಇದಕ್ಕೇ. ಹಳೆಯದರ ಐಎಸ್ ಸುಮಾರು ಎರಡು ಸ್ಟಾಪ್ ಉಳಿಸುತ್ತದೆ, ಹೊಸದು ನಾಲ್ಕು ಸ್ಟಾಪ್ ಎಂದು ಕ್ಯಾನನ್ ಹೇಳುತ್ತದೆ. ಒಂದು ಸ್ಟಾಪ್ ಉಳಿದರೆ ಶಟರನ್ನು ಎರಡರಷ್ಟು ಹೊತ್ತು ತೆರೆದಿಡಬಹುದು. ಇದನ್ನು 80ಡಿಗೆ ಹಾಕಿ ನೋಡಿ. ಅದರ ಸೆನ್ಸರ್ ಚಿಕ್ಕದು, ಹಾಗಾಗಿ 400 ಎಂಎಂ ಕೊಡುವ ನೋಟ ಫುಲ್ ಫ್ರೇಮಿನ, ಅಂದರೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾದ 640ಕ್ಕೆ ಸಮ. ಕೈಯಲ್ಲಿ ಹಿಡಿದು ತೆಗೆಯಲು ಫೋಟೋಗ್ರಾಫರ್‌ಗಳ ಹಳೆಯ ಲೆಕ್ಕದ ಪ್ರಕಾರ ಶಟರ್ ವೇಗ ಸೆಕೆಂಡಿನ 640ನೇ ಒಂದು ಭಾಗ ಬೇಕು. ಎರಡು ಸ್ಟಾಪ್ ಉಳಿದರೆ 1/160, ನಾಲ್ಕು ಉಳಿದರೆ 1/40. ಕಬಿನಿಯಲ್ಲಿ ಸಂಜೆಯ ಸಫಾರಿ ಮುಗಿಯುವ ಹೊತ್ತಿಗೆ ಮತ್ತಿ ಮರದ ಮೇಲೆ ಚಿರತೆ ಕಾಲು ಇಳಿಬಿಟ್ಟು ಮಲಗಿದೆ, ಡ್ರೈವರ್ ಇಂಜಿನ್ ಆಫ್ ಮಾಡಿದ್ದಾನೆ ಎಂದುಕೊಳ್ಳಿ. ಹಳೆಯ ಲೆನ್ಸಿನಲ್ಲಿ 1/160ಕ್ಕೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 6400 ಬೇಕಾದರೆ ಹೊಸದರಲ್ಲಿ 1/40ಕ್ಕೆ 1600 ಸಾಕು. 80ಡಿಯಲ್ಲಿ 1600ರ ಚಿತ್ರ ಗೋಡೆಗೆ ಹಾಕಬಹುದು. 6400ರಲ್ಲಿ ಚಿರತೆಯ ಚುಕ್ಕೆ ಯಾವುದು, ಗ್ರೇನ್ ಯಾವುದು ಎಂದು ಹುಡುಕಬೇಕಾಗುತ್ತದೆ. ನಾಲ್ಕೂ ಸ್ಟಾಪ್ ಪ್ರತಿ ಫೋಟೋದಲ್ಲಿ ಸಿಗುವುದಿಲ್ಲ, ನಿಮ್ಮ ಕೈ ಎಷ್ಟು ಗಟ್ಟಿ ಎನ್ನುವುದರ ಮೇಲೂ ಹೋಗುತ್ತದೆ. ಮೂರೇ ಸಿಕ್ಕರೂ ವ್ಯತ್ಯಾಸ ಸಣ್ಣದಲ್ಲ.

ಚಿರತೆ ಎದ್ದು ನಡೆಯಲು ಶುರು ಮಾಡಿತೋ, ಈ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು. ಐಎಸ್ ನಿಮ್ಮ ಕೈಯನ್ನು ಹಿಡಿಯುತ್ತದೆಯೇ ಹೊರತು ಪ್ರಾಣಿಯನ್ನಲ್ಲ. ಭದ್ರಾ ಹಿನ್ನೀರಿನಲ್ಲಿ ಮೀನು ಕಚ್ಚಿಕೊಂಡು ತಿರುಗುವ ರಿವರ್ ಟರ್ನ್ ಹಕ್ಕಿಗೆ 1/2000 ಬೇಕೆಂದರೆ ಬೇಕೇ, ಲೆನ್ಸ್ ಹಳೆಯದಾಗಲಿ ಹೊಸದಾಗಲಿ. ಅಲ್ಲಿ ಹೊಸದರ ಲಾಭ ಬೇರೆ. ಹಳೆಯದರಲ್ಲಿ ಐಎಸ್‌ಗೆ ಎರಡೇ ಮೋಡ್: ಒಂದು ಸಾಮಾನ್ಯಕ್ಕೆ, ಇನ್ನೊಂದು ಪ್ಯಾನಿಂಗ್‌ಗೆ, ಅಂದರೆ ಓಡುವ ಪ್ರಾಣಿಯ ಜೊತೆ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದಕ್ಕೆ. ಮಾರ್ಕ್ 2ರಲ್ಲಿ ಮೂರನೆಯದೊಂದು ಇದೆ. ಅದನ್ನು ಹಾಕಿದರೆ ಶಟರ್ ತೆರೆದಿರುವಾಗ ಮಾತ್ರ ಐಎಸ್ ಕೆಲಸ ಮಾಡುತ್ತದೆ, ಹಾಗಾಗಿ ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸುವಾಗ ವ್ಯೂಫೈಂಡರಿನಲ್ಲಿ ಚಿತ್ರ ಎಳೆದಾಡುವುದಿಲ್ಲ. ಹಳೆಯದರಲ್ಲಿ ಹಾರುವ ಹಕ್ಕಿಗೆ ಐಎಸ್ ಆಫ್ ಮಾಡುವುದೇ ವಾಸಿ. ಟ್ರೈಪಾಡ್ ಮೇಲೆ ಇಟ್ಟಾಗಲೂ ಆಫ್ ಮಾಡಲೇಬೇಕು. ಕ್ಯಾಮೆರಾ ಅಲುಗಾಡದೆ ನಿಂತಿದೆ ಎಂದು ಆ ಕಾಲದ ಐಎಸ್‌ಗೆ ತಿಳಿಯುವುದಿಲ್ಲ, ಇಲ್ಲದ ನಡುಕವನ್ನು ಸರಿಪಡಿಸಲು ಹೋಗಿ ಚಿತ್ರವನ್ನೇ ಮಸುಕು ಮಾಡುತ್ತದೆ. "ಟ್ರೈಪಾಡ್ ಹಾಕಿದರೂ ಸಾಫ್ಟ್" ಎನ್ನುವವರಲ್ಲಿ ಕೆಲವರ ಕಥೆ ಇಷ್ಟೇ.

ರಂಗನತಿಟ್ಟಿನ ದೋಣಿಯ ಬಗ್ಗೆಯೂ ಒಂದು ಮಾತು. ಅಂಬಿಗ ಹುಟ್ಟು ಹಾಕಿದಾಗ ಆಗುವ ನಿಧಾನದ ದೊಡ್ಡ ಓಲಾಟವನ್ನು ಯಾವ ಐಎಸ್ ಕೂಡ ಪೂರ್ತಿ ನುಂಗುವುದಿಲ್ಲ, ಅದನ್ನು ಮಾಡಿರುವುದು ಕೈಯ ಸಣ್ಣ ಬೇಗದ ನಡುಕಕ್ಕೆ. ದೋಣಿಯಲ್ಲಿ ಹೇಗಿದ್ದರೂ 1/1000ದ ಮೇಲೇ ಇರಿ. ಆದರೂ ಹೊಸ ಐಎಸ್ ಹಾಕಿದಾಗ ವ್ಯೂಫೈಂಡರ್ ಒಳಗೆ ಬಣ್ಣದ ಕೊಕ್ಕರೆಯ ಕಣ್ಣು ಎದ್ದು ನಿಲ್ಲುತ್ತದೆ, ಫೋಕಸ್ ಪಾಯಿಂಟನ್ನು ಅದರ ಮೇಲೆ ಕೂರಿಸುವುದು ಸುಲಭ. ಸಿಗದಿದ್ದ ಫೋಟೋ ಸಿಗುವುದು ಹೀಗೂ ಇದೆ.

ಇನ್ನು ಹತ್ತಿರದ ಫೋಕಸ್. ಹಳೆಯದಕ್ಕೆ ಕನಿಷ್ಠ 1.8 ಮೀಟರ್ ದೂರ ಬೇಕು, ಹೊಸದಕ್ಕೆ 0.98 ಮೀಟರ್ ಸಾಕು. ದೊಡ್ಡದು ಮಾಡುವ ಪ್ರಮಾಣ ಹಳೆಯದರಲ್ಲಿ 0.20, ಹೊಸದರಲ್ಲಿ 0.31. ಬರೀ ಅಂಕಿ ಎನಿಸಬಹುದು, 80ಡಿಯ ಸೆನ್ಸರಿಗೆ ಹೊಂದಿಸಿ ಹೇಳುತ್ತೇನೆ. ಹಳೆಯದರಲ್ಲಿ ಎಷ್ಟೇ ಹತ್ತಿರ ಹೋದರೂ ಚೌಕಟ್ಟಿನಲ್ಲಿ ಸುಮಾರು 11 ಸೆಂಟಿಮೀಟರ್ ಅಗಲ ಹಿಡಿಸುತ್ತದೆ, ಹೊಸದರಲ್ಲಿ ಸುಮಾರು 7. ಏಳು ಸೆಂಟಿಮೀಟರ್ ರೆಕ್ಕೆಯ ಚಿಟ್ಟೆ ಒಂದು ಕಡೆ ಫ್ರೇಮ್ ತುಂಬುತ್ತದೆ, ಇನ್ನೊಂದು ಕಡೆ ಸುತ್ತಲೂ ಎಲೆ ಉಳಿಯುತ್ತದೆ. ಆಗುಂಬೆಯಲ್ಲಿ ಹಸಿರು ಮಂಡಲದ ಹಾವು ದಾರಿ ಪಕ್ಕದ ಗಿಡದಲ್ಲಿ ಸುರುಳಿ ಸುತ್ತಿ ಕೂತಿದ್ದರೆ 1.8 ಮೀಟರಿಗೆ ಹಿಂದೆ ಸರಿಯದೆ ನಿಂತಲ್ಲಿಂದಲೇ ತಲೆಯನ್ನಷ್ಟೇ ತೆಗೆಯುವ ಅನುಕೂಲ ಮಾರ್ಕ್ 2ರಲ್ಲಿದೆ. ಆ 0.98 ಮೀಟರ್ ಲೆಕ್ಕ ಸೆನ್ಸರಿನಿಂದ, ಲೆನ್ಸಿನ ಮೂತಿಯಿಂದ ಅಲ್ಲ. ಜೂಮ್ ಪೂರ್ತಿ ಹೊರಗೆಳೆದು ಹುಡ್ ಹಾಕಿದ ಮೇಲೆ ಹಾವಿಗೂ ಹುಡ್‌ಗೂ ನಡುವೆ ಉಳಿಯುವ ಜಾಗ ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಹಾವಿನ ವಿಷಯದಲ್ಲಿ ಕನಿಷ್ಠ ದೂರವನ್ನು ಮುಟ್ಟಿಯೇ ನೋಡುತ್ತೇನೆ ಎನ್ನಬೇಡಿ.

ಅಷ್ಟು ಹತ್ತಿರದಲ್ಲಿ ಲೆನ್ಸಿನ ಮೇಲೆ 400 ಎಂದಿದ್ದರೂ ನಿಜವಾದ ಫೋಕಲ್ ಲೆಂಗ್ತ್ (ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಎನ್ನುವ ಎಂಎಂ ಅಳತೆ) ಅಷ್ಟಿರುವುದಿಲ್ಲ. ಒಳಗೇ ಗಾಜು ಸರಿಸಿ ಫೋಕಸ್ ಮಾಡುವ ಲೆನ್ಸ್‌ಗಳ ಸ್ವಭಾವವೇ ಅದು. ಹೊಸದರಲ್ಲಿ ಈ ಕುಗ್ಗುವಿಕೆ ಇನ್ನೂ ಹೆಚ್ಚು. ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡು ಮೀಟರಿನಲ್ಲಿ ಮಿಂಚುಳ್ಳಿ ಹಳೆಯದರಲ್ಲೇ ದೊಡ್ಡದಾಗಿ ಬಂತು ಎಂದರೆ ಸುಳ್ಳು ಎನ್ನಬೇಡಿ. ಹಾಗಾಗುವುದು ಸಾಧ್ಯ.

ಮಳೆಯ ಮಾತು ಬಂದಾಗ ಇದನ್ನೂ ಸೇರಿಸಬೇಕು. ಮಾರ್ಕ್ 2ಕ್ಕೆ ಕ್ಯಾಮೆರಾ ಜೊತೆ ಕೂಡುವ ಕಡೆ ರಬ್ಬರ್ ಸುತ್ತು ಇದೆ, ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ಫ್ಲೋರಿನ್ ಕೋಟಿಂಗ್ ಇದೆ. ಹನಿ ಬಿದ್ದರೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋಗುತ್ತದೆ. ಹಳೆಯದಕ್ಕೆ ಇವೆರಡೂ ಇಲ್ಲ. ಹಾಗಂತ ಮಾರ್ಕ್ 2 ಹಿಡಿದು ಆಗುಂಬೆಯ ಮಳೆಯಲ್ಲಿ ಬರಿಗೈಯಲ್ಲಿ ನಿಲ್ಲಬೇಡಿ, ನಿಮ್ಮ 80ಡಿ ಅಂಥ ಮಳೆ ತಡೆಯುವ ಬಾಡಿ ಅಲ್ಲ.

ಶಾರ್ಪ್‌ನೆಸ್ ಬಗ್ಗೆ ಕೇಳಿದ್ದೀರಿ. 400ರಲ್ಲಿ ಅಪರ್ಚರ್ ಪೂರ್ತಿ ತೆರೆದು, ಅಂದರೆ 5.6ರಲ್ಲಿ ತೆಗೆದರೆ ಹೊಸದು ಮುಂದೆ, ಅದರಲ್ಲೂ ಮೂಲೆಗಳಲ್ಲಿ. ಅದನ್ನು ಸ್ವಲ್ಪ ಕಿರಿದು ಮಾಡಿ ಎಫ್ 8ಕ್ಕೆ ತಂದರೆ ಅಂತರ ಬಹಳ ಕಿರಿದಾಗುತ್ತದೆ. ಹಿಂದಿನ 6 ಮೆಗಾಪಿಕ್ಸೆಲ್ 10ಡಿಯಂಥ ಬಾಡಿಯಲ್ಲಿ ಹಳೆಯ ಲೆನ್ಸ್ ಬಗ್ಗೆ ಯಾರೂ ದೂರುತ್ತಿರಲಿಲ್ಲ, ಆ ಸೆನ್ಸರಿಗೆ ಅದು ಧಾರಾಳವಾಗಿ ಸಾಕಿತ್ತು. ನಿಮ್ಮ 80ಡಿ ಹಾಗಲ್ಲ. ಚಿಕ್ಕ ಸೆನ್ಸರಿನಲ್ಲಿ 24.2 ಮೆಗಾಪಿಕ್ಸೆಲ್ ತುಂಬಿದ್ದಾರೆ, ಅದೇ ಒತ್ತಿನಲ್ಲಿ ಫುಲ್ ಫ್ರೇಮ್ ಮಾಡಿದರೆ 60 ದಾಟುತ್ತದೆ. ಇಂಥ ಸೆನ್ಸರ್ ಲೆನ್ಸಿನ ಎಲ್ಲ ಕುಂದನ್ನೂ ಎತ್ತಿ ತೋರಿಸುತ್ತದೆ. ಬಿಳಿ ಬೆಳ್ಳಕ್ಕಿಯ ಅಂಚಿನಲ್ಲಿ ನೇರಳೆ ಗೆರೆ, ಎದುರು ಬೆಳಕಿನಲ್ಲಿ ಕಾಂಟ್ರಾಸ್ಟ್ ಬಿದ್ದುಹೋಗುವುದು ಹಳೆಯದರಲ್ಲಿ ಹೆಚ್ಚು. ಹೊಸದರಲ್ಲಿ ಏರ್ ಸ್ಫಿಯರ್ ಎಂಬ ಕೋಟಿಂಗ್ ಹಾಕಿದ್ದಾರೆ, ಮುಳುಗುವ ಸೂರ್ಯನ ಎದುರು ಹೆಜ್ಜಾರ್ಲೆ ತೆಗೆದಾಗ ಅದರ ಗುಣ ಕಾಣುತ್ತದೆ.

ಆದರೆ "ಹಳೆಯದು ಸಾಫ್ಟ್" ಎಂಬ ಅಪವಾದದಲ್ಲಿ ಲೆನ್ಸಿನ ಪಾಲು ಅರ್ಧವೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಮೊದಲ ಆರೋಪಿ ಮುಂದೆ ಹಾಕುವ ಅಗ್ಗದ ಯುವಿ ಫಿಲ್ಟರ್. 400 ಎಂಎಂನಲ್ಲಿ ಕಳಪೆ ಗಾಜು ಮಾಡುವ ಹಾನಿ 50 ಎಂಎಂನಲ್ಲಿ ಕಾಣುವುದೇ ಇಲ್ಲ. ತೆಗೆದಿಡಿ, ರಕ್ಷಣೆಗೆ ಹುಡ್ ಸಾಕು. ಎರಡನೆಯದು ಬಿಸಿಲ ಝಳ. ಬೇಸಿಗೆಯಲ್ಲಿ ಹತ್ತು ಗಂಟೆ ಆದ ಮೇಲೆ ಭದ್ರಾ ನೀರಿನ ಮೇಲೆ ದೂರದ ನಡುಗಡ್ಡೆಯ ಹಕ್ಕಿ ತೆಗೆದು ಲೆನ್ಸನ್ನು ಬೈದರೆ ಪ್ರಯೋಜನವಿಲ್ಲ, ಎಷ್ಟು ಲಕ್ಷದ ಲೆನ್ಸಾದರೂ ಆ ಗಾಳಿಯನ್ನು ದಾಟಿಯೇ ನೋಡಬೇಕು. ಮೂರನೆಯದು ಬಾಡಿಗೂ ಲೆನ್ಸಿಗೂ ಫೋಕಸ್ ಹೊಂದದಿರುವುದು. ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು.

ಹೇಗೆಂದರೆ, ಬಾಡಿಯನ್ನು ಟ್ರೈಪಾಡ್ ಮೇಲಿಟ್ಟು, ಐಎಸ್ ಆಫ್ ಮಾಡಿ, ಏಳೆಂಟು ಮೀಟರ್ ದೂರದ ಗೋಡೆಗೆ ಕ್ಯಾಲೆಂಡರನ್ನೋ ದಿನಪತ್ರಿಕೆಯನ್ನೋ ನೆಟ್ಟಗೆ ಅಂಟಿಸಿ. ಜೂಮ್ 400, ಅಪರ್ಚರ್ 5.6. ಮೊದಲು ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ ತೆಗೆಯಿರಿ, ಆಮೇಲೆ ಲೈವ್ ವ್ಯೂನಲ್ಲಿ. ಲೈವ್ ವ್ಯೂ ಸೆನ್ಸರಿನಿಂದಲೇ ನೇರ ಫೋಕಸ್ ಮಾಡುತ್ತದೆ, ವ್ಯೂಫೈಂಡರಿನದು ಬೇರೆ ಸಾಧನ. ಲೈವ್ ವ್ಯೂ ಚಿತ್ರದಲ್ಲಿ ಅಕ್ಷರ ಚೂಪಾಗಿದ್ದು ಇನ್ನೊಂದರಲ್ಲಿ ಮಸುಕಾಗಿದ್ದರೆ ಗಾಜಿನಲ್ಲಿ ದೋಷವಿಲ್ಲ, 80ಡಿಯ ಮೆನುವಿನಲ್ಲೇ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆ, ಜೂಮಿನ ಎರಡು ತುದಿಗೂ ಬೇರೆಬೇರೆಯಾಗಿ ಸರಿಪಡಿಸಬಹುದು. ಲೈವ್ ವ್ಯೂನಲ್ಲೂ ಮಸುಕು ಎಂದರೆ ಆ ಲೆನ್ಸ್ ಬಿಟ್ಟು ಎದ್ದು ಬನ್ನಿ. ಇನ್ನೂ ಒಂದು ನೋಡಬೇಕು: ಚಿತ್ರದ ಎಡ ಅಂಚು ಚೂಪು, ಬಲ ಅಂಚು ಮಸುಕು ಎಂದು ಬಂದರೆ ಅದು ಎಲ್ಲೋ ಬಿದ್ದು ಒಳಗಿನ ಗಾಜು ಓರೆಯಾದ ಲೆನ್ಸ್. ಹೊರಗೆ ಒಂದು ಗೀರೂ ಇಲ್ಲದಿದ್ದರೂ ಹೀಗಾಗಿರುತ್ತದೆ.

ಧೂಳಿನ ಕಥೆ ಹುಟ್ಟಿದ್ದು ಹಳೆಯದರ ಜೂಮ್ ನೋಡಿ. ಅದನ್ನು ತಿರುಗಿಸುವುದಲ್ಲ, ಸೈಕಲ್ ಪಂಪಿನ ಹಾಗೆ ಹಿಂದೆ-ಮುಂದೆ ಎಳೆಯುವುದು. ಎಳೆದಾಗ ಉದ್ದವಾಗುವ ಲೆನ್ಸ್ ಯಾವುದೇ ಇರಲಿ, ಒಳಗೆ ಗಾಳಿ ಎಳೆದುಕೊಳ್ಳಲೇಬೇಕು, ಮಾರ್ಕ್ 2 ಕೂಡ ಉದ್ದವಾಗುತ್ತದೆ. ಹೊಸದರಲ್ಲಿ ಸಂದುಗಳಿಗೆ ಸೀಲ್ ಚೆನ್ನಾಗಿದೆ, ಅಷ್ಟು ಒಪ್ಪೋಣ. ಒಳಗೆ ನಾಲ್ಕಾರು ಧೂಳಿನ ಕಣ ಕಂಡರೆ ಚಿತ್ರದಲ್ಲಿ ಏನೂ ಆಗುವುದಿಲ್ಲ, ಬೆಲೆ ಇಳಿಸಲು ಒಂದು ನೆಪ ಸಿಕ್ಕಿತು ಎಂದುಕೊಳ್ಳಿ. ಎಳೆಯುವ ಜೂಮಿಗೆ ತನ್ನದೇ ಆದ ಭಕ್ತರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ: 100ರಿಂದ 400ಕ್ಕೆ ಒಂದೇ ಎಳೆತಕ್ಕೆ ಹೋಗಬಹುದು, ಕೈ ಮುಂದೆ ಇರುವುದರಿಂದ ಹಾರುವ ಹಕ್ಕಿಗೆ ಹಿಡಿತವೂ ಚೆನ್ನ. ತೊಂದರೆ ಎಂದರೆ ಬಿಗಿ ಮಾಡುವ ಬಳೆ ಸವೆದಿದ್ದರೆ ಲೆನ್ಸ್ ಕೆಳಗೆ ಬಗ್ಗಿಸಿದ ಕೂಡಲೇ ಮೂತಿ ತಾನಾಗಿ ಜಾರಿ ಹೊರಗೆ ಬರುತ್ತದೆ. ಮಾರ್ಕ್ 2ರಲ್ಲಿ ತಿರುಗಿಸುವ ಜೂಮ್, ಅದರಲ್ಲೂ ಬಿಗಿ ಹೊಂದಿಸುವ ಬಳೆ ಉಳಿಸಿಕೊಂಡಿದ್ದಾರೆ.

ಧೂಳಿಗಿಂತ ನೂರು ಪಾಲು ಹೆದರಬೇಕಾದದ್ದು ಫಂಗಸ್‌ಗೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಬೀರುವಿನೊಳಗೆ ಮಳೆಗಾಲ ಕಳೆದ ಲೆನ್ಸಾದರೆ ಅನುಮಾನದಿಂದಲೇ ನೋಡಿ. ಅಪರ್ಚರ್ ತೆರೆದಿರುವಂತೆ ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ಓರೆಯಾಗಿ ಇಣುಕಿದರೆ ಜೇಡರ ಬಲೆಯಂಥ ಎಳೆ ಕಾಣುತ್ತದೆ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ನಿಮ್ಮ ಮನೆಗೆ ಬಂದ ಮೇಲೆ ಡ್ರೈ ಕ್ಯಾಬಿನೆಟ್‌ನಲ್ಲಿ ತೇವಾಂಶ ಶೇಕಡ 40ರಿಂದ 50ರ ಒಳಗಿಡಿ.

ಹಳೆಯ ಲೆನ್ಸಿನ ವಯಸ್ಸನ್ನು ಮಾರುವವನ ಬಾಯಿಂದ ಕೇಳಬೇಕಾಗಿಲ್ಲ. ಬಾಡಿಯಿಂದ ಬಿಚ್ಚಿ ಹಿಂಭಾಗದಲ್ಲಿ ಬೆಳಕು ಹಿಡಿದು ನೋಡಿ, ಎರಡು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಮೊದಲ ಅಕ್ಷರ ಕಾರ್ಖಾನೆಯದು, ಯು ಎಂದರೆ ಜಪಾನಿನ ಉತ್ಸುನೊಮಿಯಾ. ಎರಡನೆಯದು ವರ್ಷ: 1998ಕ್ಕೆ ಎಂ, 2000ಕ್ಕೆ ಒ, 2003ಕ್ಕೆ ಆರ್, ಹೀಗೆ ಹೋಗಿ 2011ಕ್ಕೆ ಝಡ್. ಮುಂದಿನ ಎರಡು ಅಂಕಿ ತಿಂಗಳು. ಯು, ಆರ್, 09 ಎಂದಿದ್ದರೆ 2003ರ ಸೆಪ್ಟೆಂಬರ್. "ಎರಡೇ ವರ್ಷ ಬಳಸಿದ್ದು ಸಾರ್" ಎನ್ನುವವರ ಎದುರು ಈ ಅಕ್ಷರ ಓದಿದರೆ ಮಾತಿನ ಧಾಟಿ ಬದಲಾಗುತ್ತದೆ. ಹಳೆಯದಾದಷ್ಟೂ ಒಳಗಿನ ಫ್ಲೆಕ್ಸ್ ಕೇಬಲ್ (ಬಾಗುವ ತೆಳು ವಿದ್ಯುತ್ ಪಟ್ಟಿ) ಎಳೆದೆಳೆದು ಸವೆದಿರುವ ಸಂಭವ ಹೆಚ್ಚು. ಎಫ್ 8ಕ್ಕೆ ಇಟ್ಟು, ಜೂಮಿನ ಬೇರೆಬೇರೆ ಜಾಗಗಳಲ್ಲಿ ಹತ್ತಿಪ್ಪತ್ತು ಕ್ಲಿಕ್ ಮಾಡಿ. ಎಲ್ಲಾದರೂ ಎರರ್ 01 ಬಂದರೆ ಬಾಡಿಗೂ ಲೆನ್ಸಿಗೂ ಮಾತು ಕಡಿದುಹೋಗುತ್ತಿದೆ ಎಂದರ್ಥ. ತಯಾರಿಕೆ ನಿಂತ ಲೆನ್ಸಿಗೆ ಕಂಪನಿಗಳು ಬಿಡಿಭಾಗ ಇಟ್ಟುಕೊಳ್ಳುವುದು ಕೆಲವು ವರ್ಷ ಮಾತ್ರ, ಆದ್ದರಿಂದ ರಿಪೇರಿ ಮಾಡಿಸಿದರಾಯಿತು ಎಂಬ ಧೈರ್ಯದ ಮೇಲೆ ಹಳೆಯದನ್ನು ಕೊಳ್ಳಬೇಡಿ.

400 ಸಾಲದು, 1.4 ಎಕ್ಸ್‌ಟೆಂಡರ್ (ಲೆನ್ಸಿಗೂ ಬಾಡಿಗೂ ನಡುವೆ ಕೂರಿಸಿ 1.4 ಪಟ್ಟು ಹಿಗ್ಗಿಸುವ ಗಾಜು) ಹಾಕುತ್ತೇನೆ ಎಂಬ ಯೋಚನೆ ಇದ್ದರೆ ತಕ್ಕಡಿ ಇನ್ನೂ ಹೊಸದರ ಕಡೆಗೇ ವಾಲುತ್ತದೆ. ಎಕ್ಸ್‌ಟೆಂಡರ್ ಹಾಕಿದರೆ ಅಪರ್ಚರ್ ಎಫ್ 8 ಆಗುತ್ತದೆ, ಆಗ ವ್ಯೂಫೈಂಡರಿನ ಎಲ್ಲ ಫೋಕಸ್ ಪಾಯಿಂಟೂ ಕೆಲಸ ಮಾಡುವುದಿಲ್ಲ. 80ಡಿಯಲ್ಲಿ ಮಾರ್ಕ್ 2ಕ್ಕೆ 1.4ರ ಮೂರನೇ ಆವೃತ್ತಿ ಸೇರಿಸಿದರೆ 27 ಫೋಕಸ್ ಪಾಯಿಂಟ್ ಕೆಲಸ ಮಾಡುತ್ತವೆ. ಹಳೆಯದಕ್ಕೆ ನಡುವಿನದೊಂದೇ ಗತಿ.

ದುಡ್ಡು ಅಷ್ಟೇ ಇದೆ, ಹೆಚ್ಚು ತೆಗೆಯುವುದು ಹಾರುವ ಹಕ್ಕಿ ಎಂದಾದರೆ ಇನ್ನೊಂದು ದಾರಿ ಇದೆ: 1993ರ ಕ್ಯಾನನ್ 400 ಎಂಎಂ 5.6. ಜೂಮ್ ಇಲ್ಲ, ಐಎಸ್ ಇಲ್ಲ, ಮೂರೂವರೆ ಮೀಟರ್ ಒಳಗೆ ಫೋಕಸ್ ಆಗುವುದಿಲ್ಲ. ಒಳಗೆ ಏಳೇ ಗಾಜು, ಕೆಡುವಂಥದ್ದೂ ಕಡಿಮೆ. 5.6ರಲ್ಲಿ ಹಳೆಯ ಜೂಮಿಗಿಂತ ಚೂಪು, ತೂಕ 1,250 ಗ್ರಾಂ. ಕಬಿನಿಯಲ್ಲಿ ಆನೆ ಜೀಪಿನ ಪಕ್ಕಕ್ಕೆ ಬಂದು ನಿಂತಾಗ ಮಾತ್ರ ಕಿವಿಯ ತುದಿಯೊಂದೇ ಫ್ರೇಮಿಗೆ ಸಿಗುತ್ತದೆ.

ಮಿರರ್‌ಲೆಸ್ ವಿಷಯ. ಕ್ಯಾನನ್ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಎರಡೂ ಅಡಾಪ್ಟರ್ ಮೂಲಕ ಕೂಡುತ್ತವೆ, ಅಡಾಪ್ಟರ್‌ನಲ್ಲಿ ಗಾಜಿಲ್ಲದ್ದರಿಂದ ಚಿತ್ರ ಕೆಡುವುದಿಲ್ಲ. ಅಲ್ಲಿ ಫೋಕಸ್ ಸೆನ್ಸರಿನಿಂದಲೇ ಆಗುವ ಕಾರಣ ಮೈಕ್ರೋ ಅಡ್ಜಸ್ಟ್‌ಮೆಂಟಿನ ತಲೆನೋವೂ ಇಲ್ಲ, ಎಫ್ 8ರ ನಿರ್ಬಂಧವೂ ಇಲ್ಲ. ಅಂದರೆ ಹಳೆಯದರ ಒಂದೆರಡು ಕೊರತೆ ತಾವಾಗಿಯೇ ಕಳೆಯುತ್ತವೆ. 2020ರಲ್ಲಿ ಬಂದ ಆರ್‌ಎಫ್ 100-500 ಟ್ರೈಪಾಡ್ ಬಳೆ ಬಿಟ್ಟರೆ 1.37 ಕಿಲೋ, ಐಎಸ್ ಐದು ಸ್ಟಾಪ್. ಆ ಕಡೆ ಹೋದವರು ತಮ್ಮ ಮಾರ್ಕ್ 2ಗಳನ್ನು ಮಾರುತ್ತಿದ್ದಾರೆ, ಅದಕ್ಕೇ ಸೆಕೆಂಡ್ ಹ್ಯಾಂಡ್‌ನಲ್ಲಿ ಇವು ಸಿಗುತ್ತಿವೆ. ಬಾಡಿ ಬದಲಿಸುವುದು ಇನ್ನು ಮೂರ್ನಾಲ್ಕು ವರ್ಷದ ಮಾತಾದರೆ ಮಾರ್ಕ್ 2 ತೆಗೆದುಕೊಳ್ಳಿ, ಒಂದೇ ಅಂಗಡಿಯ ಬೆಲೆಗೆ ಒಪ್ಪದೆ ನಾಲ್ಕು ಕಡೆ ವಿಚಾರಿಸಿ. ಮುಂದಿನ ವರ್ಷವೇ 80ಡಿ ಮಾರುವವರಿದ್ದರೆ, ಈಗ ಸಿಕ್ಕಿರುವ ಹಳೆಯದು ಕ್ಯಾಲೆಂಡರ್ ಪರೀಕ್ಷೆ, ಟಾರ್ಚ್ ಪರೀಕ್ಷೆ ಎರಡರಲ್ಲೂ ಪಾಸಾದರೆ ಅದನ್ನೇ ತೆಗೆದುಕೊಂಡು ಒಂದು ಸೀಸನ್ ಓಡಿಸಿ, ಆಮೇಲೆ ಹೆಚ್ಚುಕಡಿಮೆ ಕೊಂಡ ಬೆಲೆಗೇ ಕೈ ಬದಲಿಸಬಹುದು.